ಉಪ್ಪು ಉದುರದ ಮಳೆಗಾಲ

ಟಿಕ್‌ಟಿಕ್, ಟಿಕ್, ಟಿಕ್‌ಟಿಕ್‌ಟಿಕ್. ಸಣ್ಣ ಗಾಜಿನ ಸೀಸೆಯೊಳಗೆ ದ್ರಾವಣ ಕಲಕುವ ಬಿಳಿ ಗುಳಿಗೆಯಂಥ ಮ್ಯಾಗ್ನೆಟ್ ತಿರುಗುತ್ತ ತಿರುಗುತ್ತ ಏನಕ್ಕೋ ತಗುಲಿ, ಗಾಜಿಗೆ ಬಡಿದು, ಮತ್ತೆ ತಿರುಗಲು ನೋಡುವ ಸದ್ದು. ಒಂದೇ ಸೀಸೆಯಲ್ಲಾದರೆ ಕಿವಿಗೆ ಬೀಳುವುದಿಲ್ಲ. ತಟ್ಟೆ ತುಂಬ ಜೋಡಿಸಿಟ್ಟ ಸೀಸೆಗಳಲ್ಲಿ ಒಟ್ಟಿಗೆ ಎದ್ದರೆ, ಚಳಿಗೆ ಸಿಕ್ಕ ಮಕ್ಕಳ ಹಲ್ಲು ಕಟಕಟಿಸಿದಂತೆ ಕೇಳುತ್ತದೆ.

ಹೋದ ವಾರ ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವಾಗ ಬಸ್ಸಿನ ಕಿಟಕಿಯ ಸಡಿಲ ಗಾಜು ಅದೇ ತಾಳದಲ್ಲಿ ಬಡಿದುಕೊಳ್ಳತೊಡಗಿತು. ಕೈಯಿಂದ ಅದುಮಿ ಹಿಡಿದೆ. ಬಿಟ್ಟ ಕೂಡಲೇ ಮತ್ತೆ ಶುರು.

"ಒಂದ್ ಕಾಗದಾ ಮಡಿಚಿ ತುರುಕ್ರಿ ಅಮ್ಮಾರ, ಸುಮ್ಮನಾಗತೈತಿ," ಎಂದ ಕಂಡಕ್ಟರ್.

ತುರುಕಲಿಲ್ಲ. ಹೊರಗೆ ಜಿಟಿಜಿಟಿ ಹಿಡಿದಿತ್ತು. ಆ ಸದ್ದನ್ನು ಕಿತ್ತೂರಿನತನಕ ಕೇಳುತ್ತ ಕುಳಿತೆ. ಪಕ್ಕದ ಸೀಟು ಖಾಲಿ ಇತ್ತು. ಒಂದು ಮಳೆಗಾಲವಿಡೀ ಅಲ್ಲಿ ಶಿವಲೀಲಾ ಕೂರುತ್ತಿದ್ದಳು.

ನಾನು ಕಲಿತದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ದುಡಿದದ್ದು ಮುಂಬಯಿಯ ಒಂದು ಕೆಮಿಸ್ಟ್ರಿ ಲ್ಯಾಬಿನಲ್ಲಿ. ರಿಟೈರ್ ಆದಮೇಲೆ ಬೈಲಹೊಂಗಲಕ್ಕೆ ಬಂದು, ತಮ್ಮನ ಮನೆಯ ಮಗ್ಗುಲಲ್ಲೇ ಒಂದು ಸಣ್ಣ ಮನೆ ಮಾಡಿಕೊಂಡು, ಗುಲಾಬಿ ನೆಟ್ಟು, ಕ್ರಾಸ್‌ವರ್ಡ್ ತುಂಬಿಸುತ್ತ ಇದ್ದೆ. ಕೈಕಾಲು ಗಟ್ಟಿ ಇದ್ದವು, ತಲೆಗೆ ಕೆಲಸವಿರಲಿಲ್ಲ. ಅದರಂಥ ಬೇನೆ ಬೇರೊಂದಿಲ್ಲ. ಕೆಲವು ವರ್ಷಗಳ ಹಿಂದೆ ಕಿತ್ತೂರಿನ ಹತ್ತಿರದ ಒಂದು ಸಣ್ಣ ಲ್ಯಾಬಿನ ಡೈರೆಕ್ಟರ್ ಸಾಹೇಬರು ಫೋನ್ ಮಾಡಿ, "ನಮ್ಮ ಹಳೇ ರೆಕಾರ್ಡ್ ಎಲ್ಲಾ ಕೈಬರಹದಾಗ ಅದಾವ್ರಿ ಮೇಡಂ. ಈಗಿನ ಹುಡುಗ್ರಿಗೆ ಓದಾಕ ಬರಂಗಿಲ್ಲ. ಒಂದ್ ಸೀಜನ್ ಬಂದು ಕಂಪ್ಯೂಟರಿಗೆ ಏರಿಸಿ ಕೊಡ್ತೀರೇನು?" ಎಂದು ಕೇಳಿದಾಗ, ಡೈರಿ ನೋಡಿ ಹೇಳುತ್ತೇನೆ ಎಂದೆ. ಡೈರಿಯಲ್ಲಿ ಏನಿತ್ತು, ಮಣ್ಣು! ಮರುದಿನವೇ ಬಸ್ ಹತ್ತಿದೆ.

ಆ ಲ್ಯಾಬಿನ ಕೆಲಸ ಲೈಬ್ರರಿ ಮಾಡುವುದು. ನನ್ನ ತಮ್ಮ ಅದನ್ನು ಪುಸ್ತಕದ್ದು ಎಂದುಕೊಂಡಿದ್ದ. ಇದು ಅಣುಗಳ ಲೈಬ್ರರಿ. ಒಂದೇ ಮನೆತನದ ನೂರಾರು ಹೊಸ ಸಂಯುಕ್ತಗಳನ್ನು ಚಿಟಿಕೆ ಚಿಟಿಕೆಯಷ್ಟು ತಯಾರಿಸಿ, ಪುಟ್ಟ ಸೀಸೆಗಳಲ್ಲಿ ತುಂಬಿ, ಪರದೇಶದ ಔಷಧ ಕಂಪನಿಗೆ ಕಳಿಸುವುದು. ಅವರು ಒಂದೊಂದನ್ನೂ ಪರೀಕ್ಷೆ ಮಾಡುತ್ತಾರೆ. ಎಲ್ಲೋ ಒಂದು ಔಷಧದ ದಾರಿ ಹಿಡಿದರೆ ಹಿಡಿಯಿತು. ಎಲ್ಲ ಅಣುಗಳಿಗೂ ಒಂದು ತುದಿ ಅದೇ ಇರುತ್ತದೆ, ಇನ್ನೊಂದು ತುದಿ ಬದಲಾಗುತ್ತ ಹೋಗುತ್ತದೆ. ಯಾವ ತುದಿಗೆ ಯಾವುದು ಕೂಡುತ್ತದೆ, ಯಾವ ವಿಧಾನದಿಂದ ಕೂಡುತ್ತದೆ ಎಂದು ಮೊದಲೇ ತಿಳಿದಿದ್ದರೆ ಅರ್ಧ ಶ್ರಮ ಉಳಿಯಿತು.

ಅದನ್ನು ಮೊದಲೇ ತಿಳಿಯುವ ಉಪಾಯ ಹುಡುಕಿದವಳೇ ಶಿವಲೀಲಾ. ಲ್ಯಾಬಿನಲ್ಲಿ ಹಿಂದೆ ಮಾಡಿದ ರಿಯಾಕ್ಷನ್‌ಗಳನ್ನೆಲ್ಲ ಕಂಪ್ಯೂಟರಿಗೆ ಕೊಡುವುದು, ಅದು ಅವುಗಳಿಂದ ಕಲಿತು, ಮುಂದಿನ ಲೈಬ್ರರಿಗೆ ಯಾವ ಜೋಡಿ ಆಗಬಹುದು, ಯಾವುದು ಆಗಲಿಕ್ಕಿಲ್ಲ ಎಂದು ಹಸಿರು ಕೆಂಪು ಬಣ್ಣದಲ್ಲಿ ತೋರಿಸುವುದು. ದೊಡವಾಡದ ಒಕ್ಕಲುತನದ ಮನೆಯ ಹುಡುಗಿ, ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದವಳು. ಎಂ.ಕೆ. ಹುಬ್ಬಳ್ಳಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು. ಕಬ್ಬು ನುರಿಸುವುದು ನಿಂತ ತಿಂಗಳುಗಳಿಗೆ ರಜೆ ಹಾಕಿ ಇಲ್ಲಿಗೆ ಬಂದಿದ್ದಳು. ಲೈಬ್ರರಿ ಸರಿಯಾಗಿ ಹೋದರೆ ಇಲ್ಲಿ ನೌಕರಿ ಕಾಯಂ. ಇಲ್ಲವಾದರೆ ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಹಾಕುವ ದಿನ ಅಲ್ಲಿಗೆ ವಾಪಸ್.

"ಕಬ್ಬಿನ ಹಾಲು ಎಷ್ಟು ಸೀ ಐತಿ ಅಂತ ನೋಡಿ ನೋಡಿ ಸಾಕಾಗೇತ್ರಿ ಮೇಡಂ," ಎಂದಿದ್ದಳು ಮೊದಲ ದಿನ ಬಸ್ಸಿನಲ್ಲಿ. "ಅಲ್ಲೆ ದಿನಾ ಒಂದ ಪ್ರಶ್ನೆ, ದಿನಾ ಒಂದ ಉತ್ತರ. ಇಲ್ಲೆ ನಾ ಕೇಳಿದ್ ಪ್ರಶ್ನೆ ಇನ್ನೂ ಯಾರೂ ಕೇಳಿಲ್ಲ. ಗೊತ್ತಾಗತೈತಿಲ್ರಿ ನಿಮಗ?"

ಗೊತ್ತಾಗುತ್ತಿತ್ತು. ಅವಳ ಮೊಣಕಾಲು ಇಡೀ ದಾರಿ ಕುಣಿಯುತ್ತಲೇ ಇತ್ತು. ಬಾಲ್‌ಪೆನ್ನಿನ ಗುಂಡಿ ಒತ್ತುವುದು, ಬಿಡುವುದು. ಬಸ್ ನಿಂತಲ್ಲೆಲ್ಲ ಕುತ್ತಿಗೆ ಚಾಚಿ ಯಾಕೆ ನಿಂತಿತು ಎಂದು ನೋಡುವುದು. ನನ್ನ ಕಾನ್ವೆಂಟಿನ ಸಿಸ್ಟರ್ ಆಗಿದ್ದರೆ ಸಿಟ್ ಸ್ಟಿಲ್ ಎಂದು ಗದರಿಸುತ್ತಿದ್ದರು. ನಾನು ಗದರಿಸಲಿಲ್ಲ. ಒಂದು ವಾರದಲ್ಲಿ ನನ್ನ ಕಾಲೂ ಕುಣಿಯತೊಡಗಿತು.

ಹಳೆಯ ರೆಕಾರ್ಡ್ ಓದುತ್ತ ನನಗೊಂದು ಬೆರಗು. ಎಲ್ಲವೂ ಗೆದ್ದ ರಿಯಾಕ್ಷನ್‌ಗಳೇ! ಮುಂಬಯಿಯ ನನ್ನ ಅನುಭವದಲ್ಲಿ ಮೂರಕ್ಕೊಂದಾದರೂ ಕೈಕೊಡುತ್ತಿತ್ತು. ಸೀನಿಯರ್ ಕೆಮಿಸ್ಟ್ ಈರಪ್ಪನನ್ನು ಕೇಳಿದೆ. ಸಿರಸಂಗಿಯವನು, ಎಲ್ಲರಿಗಿಂತ ಹಳಬ, ಮಾತು ಕೇಳುವುದೇ ಒಂದು ಮೋಜು.

"ನಮ್ಮಲ್ಲೆ ಮೊದಲ ನಂಬರ್ ಕೊಡಂಗಿಲ್ರಿ ಮೇಡಂ. ಟಿಎಲ್‌ಸಿ ಪಟ್ಟಿ ಮ್ಯಾಲ ಹೊಸಾ ಚುಕ್ಕಿ ಕಂಡು, ಹೊಸಾ ವಸ್ತು ಆಗೇತಿ ಅಂತ ಖಾತ್ರಿ ಆದ ಮ್ಯಾಲ ನಂಬರ್. ಬಸರಾದ ಕೂಡ್ಲೇ ಯಾರರೆ ತೊಟ್ಲಕ್ಕ ಹಾಕಿ ಹೆಸರ ಇಡ್ತಾರೇನ್ರಿ?"

"ಆಗದೇ ಹೋದದ್ದು?"

"ಸಿಂಕಿನ್ಯಾಗ ಹ್ವಾತು. ಹೋದದ್ದರ ಹೆಸರ ತಗೊಂಡು ಏನ್ ಮಾಡೂದೈತಿ?"

ಅವನ ಮಾತಿಗೆ ನಕ್ಕೆವು. ನಗುತ್ತಲೇ ಆ ರೆಕಾರ್ಡ್‌ಗಳನ್ನೆಲ್ಲ ಏರಿಸಿದೆವು.

ಅಣುವಿನ ಎರಡು ತುದಿ ಕೂಡಿಸಲು ಆ ಲ್ಯಾಬಿನಲ್ಲಿ ಎರಡು ವಿಧಾನಗಳಿದ್ದವು. ಒಂದು, ಆಸಿಡ್ ಕ್ಲೋರೈಡಿನದು. ಚುರುಕು, ಸ್ವಚ್ಛ, ಆದರೆ ನೀರಿನ ಹನಿ ಕಂಡರೆ ಹಾಳು. ಇನ್ನೊಂದು ನಿಧಾನದ್ದು, ತುಟ್ಟಿ, ಆಮೇಲೆ ತೊಳೆದು ಬೇರ್ಪಡಿಸುವ ತಾಪತ್ರಯ ಬೇರೆ. ಶಿವಲೀಲಾ ಪ್ರೋಗ್ರಾಂ ಓಡಿಸಿದಳು. ಆಸಿಡ್ ಕ್ಲೋರೈಡಿನ ಕಾಲಂ ಮೇಲಿಂದ ಕೆಳಗಿನತನಕ ಹಸಿರು. ಜೋಳ ತೆನೆಯೊಡೆಯುವ ಮುಂಚಿನ ಹೊಲದ ಹಾಗೆ! ಡೈರೆಕ್ಟರ್ ಸಾಹೇಬರು ಕುರ್ಚಿಯಿಂದ ಎದ್ದು ನಿಂತು ನೋಡಿದರು. ಆಸಿಡ್ ಕ್ಲೋರೈಡ್‌ಗಳ ಹೊಸ ಸೀಸೆಗಳನ್ನೇ ತರಿಸಿದರು.

ಶ್ರಾವಣದಲ್ಲಿ ಮೊದಲ ತಟ್ಟೆ ಹಚ್ಚಿದಳು. ಬೆಳಿಗ್ಗೆಯಿಂದ ತೂಗಿ ತೂಗಿ ಹಾಕಿದ್ದು. ಮಧ್ಯಾಹ್ನದ ಹೊತ್ತಿಗೆ ಆ ಸದ್ದು ಎದ್ದಿತು. ಒಂದು ಸೀಸೆ, ಎರಡು, ಆಮೇಲೆ ಇಡೀ ತಟ್ಟೆ. ಒಳಗೆ ಬಿಳಿ ಗಸಿ ಕಟ್ಟಿ ಮ್ಯಾಗ್ನೆಟ್ ತಿರುಗಲಾಗದೆ ಒದ್ದಾಡುತ್ತಿತ್ತು. ಶಿವಲೀಲಾ ಟಿಎಲ್‌ಸಿ ಪಟ್ಟಿಗಳನ್ನು ದೀಪದ ಕೆಳಗೆ ಹಿಡಿದಳು. ಹೊಸ ಚುಕ್ಕೆ ಎಲ್ಲೂ ಇಲ್ಲ. ಕ್ಲೋರೈಡೆಲ್ಲ ನೀರು ಕುಡಿದು ಬರೀ ಆಸಿಡ್ ಆಗಿ ಕುಳಿತಿತ್ತು.

"ನಿನ್ನ ಕಂಪ್ಯೂಟರ್ ಹಸಿರ ತೋರಿಸಿತ್ತಲ್ಲವಾ ತಂಗಿ?" ಎಂದ ಈರಪ್ಪ. ಕುಹಕವಿರಲಿಲ್ಲ, ಅವನಿಗೂ ದಿಗಿಲಾಗಿತ್ತು.

ಅಂದಿನಿಂದ ಆ ಹುಡುಗಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಟಿಫಿನ್ ಬಾಕ್ಸ್ ತೆರೆಯುವಳು, ಎರಡು ತುತ್ತು ತಿಂದು ಎದ್ದು ಕಂಪ್ಯೂಟರಿಗೆ ಹೋಗುವಳು, ಅಲ್ಲಿಂದ ಹೊಗೆ ಹೀರುವ ಹುಡ್ ಹತ್ತಿರ, ಅಲ್ಲಿಂದ ಬಾಗಿಲಿಗೆ. ಬಾಗಿಲಲ್ಲಿ ನಿಂತು ಮಳೆ ನೋಡುವಳು. ಮಳೆಯೂ ಹಾಗೇ. ಸುರಿದು ಮುಗಿಸುವುದೂ ಇಲ್ಲ, ನಿಲ್ಲುವುದೂ ಇಲ್ಲ. ಕಾರ್ಖಾನೆಯಿಂದ ಫೋನ್ ಬರತೊಡಗಿತ್ತು: ಈ ಸಲ ಸೀಜನ್ ಬೇಗ ಶುರು, ನೀವು ಬರ್ತೀರೋ ಇಲ್ಲೋ ಹೇಳಿಬಿಡ್ರಿ. "ಹೇಳತೇನ್ರಿ ಸರ್, ಹೇಳತೇನಿ," ಎಂದು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕುವಳು.

ಒಂದು ದಿನ ಹಳೆಯ ಆಸಿಡ್ ಕ್ಲೋರೈಡ್ ರಿಯಾಕ್ಷನ್‌ಗಳನ್ನೆಲ್ಲ ತಿಂಗಳುವಾರು ಚುಕ್ಕೆಗಳಾಗಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದಳು. ನಾನು ಕನ್ನಡಕ ಏರಿಸಿ ನೋಡಿದೆ. ಕಾರಹುಣ್ಣಿಮೆಯ ಸುಮಾರಿನಿಂದ ಮಹಾನವಮಿಯತನಕ ಬರೀ ಬಿಳಿ ಪಟ್ಟಿ. ಯಾವ ವರ್ಷವೂ ಒಂದು ಚುಕ್ಕೆ ಇಲ್ಲ.

"ಮೇಡಂ," ಎಂದಳು ಶಿವಲೀಲಾ. "ಇದು ಬೆಳಿ ಬರಲಾರದ ಹೊಲ ಅಲ್ರಿ. ಬಿತ್ತಲಾರದ ಬಿಟ್ಟ ಹೊಲ."

ಈರಪ್ಪನನ್ನು ಕರೆದೆವು. ಅವನು ಗೋಡೆ ನೋಡಿ, ನಮ್ಮನ್ನು ನೋಡಿ, "ಹೌದಲ್ರಿ, ಮಳಿ ಹಿಡೀತಂದ್ರ ಆ ಕೆಲಸಾ ಬಂದ್," ಎಂದ, ಅದರಲ್ಲಿ ಕೇಳುವುದೇನಿದೆ ಎಂಬಂತೆ. ಕ್ಲೋರೈಡ್ ತಯಾರಿಸುವ ದ್ರವದ ಬಾಟಲಿಯ ಕೊರಳಿಗೆ ಅರಿವೆ ಸುತ್ತಿ ಹಿಂದಿನ ಕಪಾಟಿನಲ್ಲಿ ಇಟ್ಟುಬಿಡುವುದು. ಮಹಾನವಮಿಯ ಖಂಡೆ ಪೂಜೆಯ ದಿನ ಪಂಪು, ತಕ್ಕಡಿಗಳ ಜೊತೆ ಅದನ್ನೂ ಹೊರತಂದು, ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಶುರು ಮಾಡುವುದು. ಮಳೆಗಾಲದಲ್ಲಿ ನಿಧಾನದ ವಿಧಾನ.

"ಯಾಕ್ ಅಣ್ಣಾರ?"

"ಮಳ್ಯಾಗ ಬಾಟ್ಲಿ ಕೆಡತೈತಿ."

"ಯಾರ್ ಹೇಳಿದ್ರು?"

"ನನಗ ನನ್ನ ಹಿಂದಿನ ಸರ್ ಹೇಳಿದ್ರು."

"ಅವ್ರಿಗೆ?"

"ಅದನ್ಯಾರ್ ಕೇಳ್ಯಾರವಾ? ಎಲ್ಲಾರಿಗೂ ಗೊತ್ತಿದ್ದ ಮಾತದು."

"ಮತ್ತ ನಾ ಶ್ರಾವಣದಾಗ ತಟ್ಟಿ ಹಚ್ಚೂಮುಂದ ನೀವು ಯಾಕ್ ಬಾಯಿ ಮುಚಗೊಂಡು ನಿಂತ್ರಿ?"

ಈರಪ್ಪನ ಮುಖ ಸಣ್ಣದಾಯಿತು. "ನೀವು ತರಿಸಿದ್ದು ಹೊಸಾ ಸೀಸೆ. ಸೀಲ್ ಸುದ್ಧಾ ಒಡದಿದ್ದಿಲ್ಲ. ಹಳೇ ಬಾಟ್ಲಿ ನೇಮಾ ಇವಕ್ಕ್ಯಾಕ ಅನಕೊಂಡೆ ತಂಗಿ. ಖರೇನ ಹೇಳಾಕತ್ತೇನಿ."

ನಿಜವೇ ಹೇಳುತ್ತಿದ್ದ. ಯಾವುದೋ ಮಳೆಗಾಲದಲ್ಲಿ ಯಾರದೋ ಕೆಲಸ ಕೆಟ್ಟಿದೆ. ಕೆಟ್ಟದ್ದಕ್ಕೆ ನಂಬರ್ ಇಲ್ಲದ ಕಾರಣ ಅದು ಸಿಂಕಿನಲ್ಲಿ ಹರಿದುಹೋಗಿದೆ. ಕಾರಣವೂ ಅದರೊಂದಿಗೇ ಹೋಗಿ, ಬಾಟಲಿಗೆ ಅರಿವೆ ಸುತ್ತುವ ನೇಮವೊಂದು ಉಳಿದಿದೆ. ಕಂಪ್ಯೂಟರಿಗಾದರೋ ಆ ನೇಮವೂ ಗೊತ್ತಿಲ್ಲ. ಅದಕ್ಕೆ ನಾವು ಕೊಟ್ಟದ್ದು ಬರೀ ಸುಗ್ಗಿಯ ಸುದ್ದಿ.

ಶಿವಲೀಲಾ ಸೀಸೆಗಳನ್ನು ಪರೀಕ್ಷಿಸಿದಳು. ಚೆನ್ನಾಗಿಯೇ ಇದ್ದವು. ಕಪಾಟಿನ ಹಳೆಯ ಬಾಟಲಿಯೂ ಚೆನ್ನಾಗಿತ್ತು. ಹಾಗಿದ್ದರೆ ನೀರು ಬಂದದ್ದು ಎಲ್ಲಿಂದ?

ಕ್ಯಾಂಟೀನಿನಲ್ಲಿ ಕುಳಿತಿದ್ದೆವು. ಒಗ್ಗರಣೆ ಚುರಮುರಿಗೆ ಉಪ್ಪು ಕಡಿಮೆ ಇತ್ತು. ಅವಳು ಉಪ್ಪಿನ ಡಬ್ಬಿ ಬೋರಲು ಮಾಡಿದಳು. ಬೀಳಲಿಲ್ಲ. ಮೇಜಿಗೆ ಕುಟ್ಟಿದಳು, ಟಿಕ್‌ಟಿಕ್, ಟಿಕ್. ಕುಟ್ಟುತ್ತಿದ್ದ ಕೈ ಹಾಗೇ ನಿಂತಿತು. ಡಬ್ಬಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದಳು. ನಾನು ನನ್ನ ವಯಸ್ಸಿಗೆ ತಕ್ಕಷ್ಟು ಓಡಿದೆ.

ನಾನು ಮುಟ್ಟುವ ಹೊತ್ತಿಗೆ ಅವಳು ಅಮೈನಿನ ಒಂದಿಷ್ಟು ಬಿಳಿ ಪುಡಿಯನ್ನು ಸೂಕ್ಷ್ಮ ತಕ್ಕಡಿಯ ಮೇಲೆ ಸುರಿದು ಕೈಕಟ್ಟಿ ನಿಂತಿದ್ದಳು. ಅದು ಇನ್ನೊಂದು ತುದಿಯ ವಸ್ತು. ಅದರ ಮೇಲೆ ಯಾರಿಗೂ ಗುಮಾನಿ ಇರಲಿಲ್ಲ. ತಕ್ಕಡಿಯ ಕೊನೆಯ ಅಂಕಿ ನಿಲ್ಲುತ್ತಿರಲಿಲ್ಲ. ಏರಿತು. ಮತ್ತೆ ಏರಿತು. ಯಾರೂ ಏನೂ ಹಾಕಿರಲಿಲ್ಲ, ಮುಟ್ಟಿರಲಿಲ್ಲ. ಪುಡಿ ಕಿತ್ತೂರಿನ ಗಾಳಿಯಿಂದ ನೀರು ಹೀರುತ್ತ ತನ್ನಷ್ಟಕ್ಕೆ ತಾನು ಭಾರವಾಗುತ್ತಿತ್ತು.

ಒಂದೇ ಫ್ಲಾಸ್ಕಿನ ಕೆಲಸದಲ್ಲಿ ಒಂದು ಪುಡಿ ತೂಗಿ ಮುಚ್ಚಿಬಿಡುತ್ತೇವೆ. ಲೈಬ್ರರಿಯಲ್ಲಿ ಹಾಗಲ್ಲ. ಕೊನೆಯ ಸೀಸೆ ತೂಗುವತನಕ ಮೊದಲನೆಯದು ಬಾಯಿ ತೆರೆದು ಕಾಯುತ್ತದೆ.

"ಬಾಟ್ಲಿದು ಏನೂ ತಪ್ಪಿಲ್ಲ ಅಣ್ಣಾರ," ಎಂದು ಕೂಗಿದಳು ಶಿವಲೀಲಾ. "ಇಷ್ಟ ವರ್ಷ ಸುಳ್ಳ ಅದಕ್ಕ ಅರಿಬಿ ಸುತ್ತೀರಿ!"

"ನಮ್ಮ ಸಿರಸಂಗಿ ಕಡೆ ಲ್ಯಾಬ್ ಕಟ್ಟಸ್ರಿ ಅಂತ ನಾ ಮೊದಲಿಂದ ಹೇಳಾಕತ್ತೇನಿ," ಎಂದ ಈರಪ್ಪ. "ಅಲ್ಲೆ ಒಣ ಗಾಳಿ, ಶ್ರಾವಣದಾಗೂ ಉಪ್ಪ ಉದರತೈತಿ."

ಕೈಗವಸು ಜೋಡಿಸಿದ ದೊಡ್ಡ ಪ್ಲಾಸ್ಟಿಕ್ ಚೀಲ ತರಿಸಿ, ಅದರೊಳಗೆ ಒಣ ನೈಟ್ರೋಜನ್ ತುಂಬಿ, ಅಲ್ಲೇ ತೂಗಿ ಕೆಲವು ಸೀಸೆ ಮಾಡಿ ನೋಡಿದಳು. ಹೊರಗೆ ಮಳೆ ಬೀಳುತ್ತಿತ್ತು, ಒಳಗೆ ಮ್ಯಾಗ್ನೆಟ್‌ಗಳು ಸದ್ದಿಲ್ಲದೆ ತಿರುಗಿದವು. ಚುಕ್ಕೆಗಳು ಕಂಡವು.

ಇನ್ನು ಉಳಿದದ್ದು ಕೆಟ್ಟ ತಟ್ಟೆ. ಅದನ್ನು ರೆಕಾರ್ಡಿಗೆ ಏರಿಸಬೇಕು, ಒಂದೊಂದು ಸೀಸೆಯನ್ನೂ ನಂಬರ್ ಹಾಕಿ, ಎಂದು ಶಿವಲೀಲಾ ಹಟ ಹಿಡಿದಳು. ಡೈರೆಕ್ಟರ್ ಸಾಹೇಬರು ಬಾಗಿಲು ಮುಚ್ಚಿಸಿ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಚಹಾ ಹೇಳಿದರು.

"ನೋಡವಾ, ಅದು ಟ್ರೇನಿಂಗ್ ಇತ್ತು ಅನ್ನೂಣು. ಆಗೇ ಇಲ್ಲ ಅನ್ನೂಣು. ಕ್ಲೈಂಟ್ ಬಂದು ರೆಕಾರ್ಡ್ ನೋಡ್ತಾರ. ನಿನ್ನ ಹೆಸರಿನ ಮುಂದ ಮೊದಲನೇ ತಟ್ಟಿನ ಪೂರ್ತಿ ಫೇಲ್ ಅಂತ ಕಂಡ್ರ, ನಿನ್ನ ಕಾಯಂ ಮಾಡ್ರಿ ಅಂತ ಕಮಿಟಿ ಮುಂದ ನಾ ಹೆಂಗ ಕೇಳ್ಲಿ?"

"ಬರೀಲಿಲ್ಲಂದ್ರ ಕಂಪ್ಯೂಟರ್ ಮುಂದಿನ ಶ್ರಾವಣಕ್ಕೂ ಹಸಿರ ತೋರಸ್ತೈತ್ರಿ ಸರ್."

"ಮುಂದಿನ ಶ್ರಾವಣಕ್ಕ ನೀನ ಇರತಿ, ಬಾಯಿಲೆ ಹೇಳತಿ."

"ಬಾಯಿಲೆ ಹೇಳಿದ್ದಕ್ಕ ಬಾಟ್ಲಿಗೆ ಅರಿಬಿ ಬಂತಲ್ರಿ."

ಸಾಹೇಬರು ಚಹಾದ ಕಪ್ಪು ಪಕ್ಕಕ್ಕೆ ಸರಿಸಿದರು. ಎರಡು ದಿನ ಯೋಚನೆ ಮಾಡು ಎಂದರು.

ಆ ಸಂಜೆ ಬಸ್ಸಿನಲ್ಲಿ ಅವಳ ಮೊಣಕಾಲು ಕುಣಿಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಕಸಿವಿಸಿಯಾಯಿತು. ಬೈಲಹೊಂಗಲ ಹತ್ತಿರ ಬಂದಾಗ ಕೇಳಿದಳು: "ನೀವಾಗಿದ್ರ ಏನ್ ಮಾಡತಿದ್ರಿ ಮೇಡಂ?"

ನನ್ನ ವಯಸ್ಸಿನಲ್ಲಿ ಧೈರ್ಯದ ಮಾತಾಡುವುದು ಸುಲಭ. ಕಳೆದುಕೊಳ್ಳಲು ಏನೂ ಇರುವುದಿಲ್ಲ. ಅದಕ್ಕೇ ಸಲಹೆ ಕೊಡಲು ಮನಸ್ಸಾಗಲಿಲ್ಲ. ನಮ್ಮ ಗಣಿತದ ಸಿಸ್ಟರ್ ಬಗ್ಗೆ ಹೇಳಿದೆ. ಅವರ ಕ್ಲಾಸಿನಲ್ಲಿ ರಬ್ಬರ್ ಇಟ್ಟುಕೊಳ್ಳುವಂತಿರಲಿಲ್ಲ. ಲೆಕ್ಕ ತಪ್ಪಿದರೆ ಅದರ ಮೇಲೆ ನೀಟಾಗಿ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಸರಿಯಾದದ್ದಕ್ಕಿಂತ ಅದನ್ನೇ ಅವರು ಹೆಚ್ಚು ಹೊತ್ತು ನೋಡುತ್ತಿದ್ದರು.

"ಮಾರ್ಕ್ಸ್ ಕೊಡತಿದ್ರೇನ್ರಿ ಅದಕ್ಕ?"

"ಇಲ್ಲವಾ. ಕಟ್ ಮಾಡ್ತಿದ್ರು."

ಶಿವಲೀಲಾ ಜೋರಾಗಿ ನಕ್ಕಳು. ಮುಂದಿನ ಸೀಟಿನವರು ಹೊರಳಿ ನೋಡಿದರು.

ಮೂರನೇ ದಿನ ಸಾಹೇಬರ ಕೋಣೆಗೆ ಹೋಗಿ, "ನಾ ಬರಿಯಾಕಿನ ಸರ್. ನನ್ನ ಹೆಸರಲೇ," ಎಂದು ಹೇಳಿ ಬಂದಳು. ಅವರು ತಡೆಯಲಿಲ್ಲ. ಅವಳು ಹೇಳುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ಸೀಸೆಯ ನಂಬರ್, ತೂಕ, ಎಷ್ಟು ಹೊತ್ತು ತೆರೆದಿತ್ತು, ಆ ದಿನದ ಗಾಳಿಯ ತೇವ. ಕೊನೆಯ ಕಾಲಂ ಎಲ್ಲದಕ್ಕೂ ಒಂದೇ: ಆಗಲಿಲ್ಲ. ಆಗಲಿಲ್ಲ. ಆಗಲಿಲ್ಲ. ಆ ಲ್ಯಾಬಿನ ರೆಕಾರ್ಡಿನಲ್ಲಿ ಆ ಶಬ್ದ ಮೊದಲ ಸಲ ಬಿದ್ದದ್ದು ಅಂದು. ಈರಪ್ಪ ಹಿಂದೆ ನಿಂತು, ಮನೆಯಲ್ಲಿ ಯಾರೋ ಅಪಶಕುನ ನುಡಿದಂತೆ, ಪ್ರತಿ ಸಲವೂ ನಾಲಿಗೆ ಲೊಚಗುಟ್ಟುತ್ತಿದ್ದ.

ಚೀಲದೊಳಗೆ ತೂಗಿದ ಹೊಸ ತಟ್ಟೆಗಳು ಬಹುಪಾಲು ಬಂದವು. ಲೈಬ್ರರಿ ತಡವಾದರೂ ಹೋಯಿತು. ಖಂಡೆ ಪೂಜೆಯ ದಿನ ಈರಪ್ಪ ತನ್ನ ಬಾಟಲಿಯನ್ನು ಹೊರತಂದು, ಕುಂಕುಮದ ಬಟ್ಟಲು ಶಿವಲೀಲಾಳ ಕೈಗೆ ಕೊಟ್ಟು, ತಕ್ಕಡಿಗೆ ನೀನೇ ಹಚ್ಚು ಎಂದ.

"ಹಚ್ಚತೇನಿ. ಮ್ಯಾಲಿನ ತಟ್ಟಿಗೆ ಬ್ಯಾಡ್ರಿ ಅಣ್ಣಾರ, ತೂಕ ಏರತೈತಿ."

ಕಮಿಟಿ ಅವಳನ್ನು ಕಾಯಂ ಮಾಡಲಿಲ್ಲ. ಸಾಹೇಬರು ಕಾಗದ ಕೊಡುವಾಗ ಕಿಟಕಿಯ ಕಡೆ ನೋಡುತ್ತಿದ್ದರಂತೆ. ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಬಿದ್ದ ದಿನ ಶಿವಲೀಲಾ ಅಲ್ಲಿ ಹಾಜರಿ ಹಾಕಿದಳು. ನನ್ನ ಕೆಲಸವೂ ಮುಗಿದಿತ್ತು.

ಹೋದ ವಾರ ಲ್ಯಾಬಿನವರು ಹೊಸ ಪ್ರೋಗ್ರಾಂ ನೋಡಲು ಬನ್ನಿ ಎಂದು ಕರೆದಿದ್ದರು. ನನಗೆ ಪರಿಚಯವಿಲ್ಲದ ಹೊಸ ಹುಡುಗಿಯೊಬ್ಬಳು ಮುಂದಿನ ಲೈಬ್ರರಿಯ ಪ್ಲಾನ್ ತೆರೆದು ತೋರಿಸಿದಳು. ಆಸಿಡ್ ಕ್ಲೋರೈಡಿನ ಕಾಲಂ ಈಗ ಪೂರ್ತಿ ಹಸಿರಲ್ಲ. ಮಳೆಯ ತಿಂಗಳುಗಳಲ್ಲಿ ಕೆಂಪು, ಪಕ್ಕದಲ್ಲಿ ಸೂಚನೆ: ತೆರೆದು ತೂಗಬಾರದು.

"ಹಳೇ ಡೇಟಾದಾಗ ಒಂದ್ ಪೂರಾ ಫೇಲ್ ಆದ ತಟ್ಟಿ ಐತ್ರಿ ಅಮ್ಮಾರ. ಅದರಿಂದ ಕಲತೈತಿ ಇದು. ಭಾಳ ಉಪಯೋಗ ಆಗೇತಿ. ಅದನ್ನ ನೋಡಿ ಈಗ ನಾವೆಲ್ಲಾರೂ ಫೇಲ್ ಆದದ್ದೂ ಬರೀತೇವಿ."

"ಯಾರು ಮಾಡಿದ್ದು ಅದು?"

ಹುಡುಗಿ ಬಗ್ಗಿ ನೋಡಿದಳು. "ಹೆಸರೇನೋ ಐತ್ರಿ, ಶಿವಲೀಲಾ ಅಂತ. ಯಾರೋ ಗೊತ್ತಿಲ್ಲ."

ಈರಪ್ಪ ರಿಟೈರ್ ಆಗಿದ್ದಾನೆ. ಶಿವಲೀಲಾ ಗೋವಾದ ಯಾವುದೋ ಲ್ಯಾಬ್ ಸೇರಿದ್ದಾಳೆ ಎಂದು ಯಾರೋ ಹೇಳಿದರು. ಅರ್ಧ ವರ್ಷ ಮಳೆ ಇರುವ ಊರು! ನನ್ನ ಹತ್ತಿರ ಇರುವ ನಂಬರಿಗೆ ಫೋನ್ ಹತ್ತುವುದಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದೇ ವರ್ಷದ ಚಳಿಗಾಲದಲ್ಲಿ, ಎಂ.ಕೆ. ಹುಬ್ಬಳ್ಳಿಯಲ್ಲಿ. ಬೆಳಗಾವಿಗೆ ಹೊರಟಿದ್ದೆ. ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲಿನ ಹಿಂದೆ ಬಸ್ ನಿಂತುಬಿಟ್ಟಿತ್ತು. ರಸ್ತೆ ಬದಿಯ ಅಂಗಡಿಯ ಮುಂದೆ, ಕಾರ್ಖಾನೆಯ ಕೋಟು ಹಾಕಿಕೊಂಡು, ನಿಂತುಕೊಂಡೇ ಮಿರ್ಚಿ ತಿನ್ನುತ್ತಿದ್ದಳು. ನಾನು ಇಳಿದು ಹೋದೆ. ಹೇಗಿದ್ದೀ ಎಂದೆ, ಅರಾಮ ಎಂದಳು. ಕಬ್ಬು ಈ ಸಲ ಸೀ ಇದೆಯಂತೆ.

ಅಂಗಡಿಯವನ ಉಪ್ಪಿನ ಡಬ್ಬಿ ಕಟ್ಟೆಯ ಮೇಲಿತ್ತು. ಅವಳು ಅದನ್ನೆತ್ತಿ ನನ್ನ ಅಂಗೈ ಮೇಲೆ ಬೋರಲು ಮಾಡಿದಳು. ಉಪ್ಪು ಸರಸರ ಸುರಿಯಿತು, ಒಂದು ಹರಳೂ ಇನ್ನೊಂದಕ್ಕೆ ಅಂಟದೆ.

"ನೋಡ್ರಿ ಮೇಡಂ," ಎಂದಳು. "ಎಂಥಾ ಚೊಲೋ ದಿನಾ. ಇವತ್ತ ತಟ್ಟಿ ಹಚ್ಚಬೇಕಿತ್ತು."

ಕಾರ್ಖಾನೆಯ ಭೋಂಗಾ ಕೂಗಿತು. ಬರತೇನ್ರಿ ಎಂದು ಹೇಳಿ, ಎರಡು ಟ್ರ್ಯಾಕ್ಟರ್‌ಗಳ ಸಂದಿಯಲ್ಲಿ ಹಾಯ್ದು ಗೇಟಿನ ಕಡೆ ಓಡಿದಳು. ನಮ್ಮ ಬಸ್ಸಿನ ಹಾರ್ನ್ ಕೇಳುವತನಕ ನಾನು ಅಂಗೈ ಹಾಗೇ ಚಾಚಿಕೊಂಡು ನಿಂತಿದ್ದೆ.